ಯಜಮಾನರಿಗೆ ಹಾಕಿದ ಕಾಗದದ ಬೆನ್ನು ಹತ್ತಿ

ಬಳ್ಳಾರಿಯ ಬಸ್ಸು ಬೆಳಿಗ್ಗೆ ಮೆಜೆಸ್ಟಿಕ್ ಬಿಟ್ಟಾಗ ನನ್ನ ಚೀಲದಲ್ಲಿ ಎರಡು ಲಕೋಟೆಗಳಿದ್ದವು. ಒಂದು ನಾನು ಸಿದ್ಧಪಡಿಸಿದ್ದು, ಇನ್ನೊಂದು ಪ್ರದೀಪ ಸಿದ್ಧಪಡಿಸಿದ್ದು. ನನ್ನದನ್ನು ಮಡಿಕೆ ಬೀಳದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೆ. ಅವನದನ್ನು ಚಪಾತಿ ಡಬ್ಬಿಯ ಪಕ್ಕಕ್ಕೆ ತುರುಕಿದ್ದೆ. ಎಣ್ಣೆ ಹತ್ತಿದರೆ ಹತ್ತಲಿ, ನನಗೇನು?

ಕಂಡಕ್ಟರ್ ಆಧಾರ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟ. ಕಚೇರಿಯ ಕೆಲಸಕ್ಕೆ ಹೊರಟವಳು ಪ್ರಯಾಣ ಭತ್ಯೆಯ ಬಿಲ್ಲಿಗೆ ಈ ಸೊನ್ನೆಯನ್ನು ಅಂಟಿಸಬೇಕೋ ಬೇಡವೋ ಎಂದು ತುಮಕೂರಿನವರೆಗೂ ಯೋಚಿಸಿದೆ. ಆಮೇಲೆ ಮತ್ತೆ ಪ್ರದೀಪನ ಯೋಚನೆಯೇ ಬಂತು. ಆ ತಿಂಗಳೆಲ್ಲ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ನಮ್ಮ ಕಚೇರಿಯ ಕೆಲಸ ಸಮೀಕ್ಷೆ. ಮನೆಗೆ ಜನರನ್ನು ಕಳಿಸುವ ಮೊದಲು ಅಂಚೆಯಲ್ಲೊಂದು ಆಹ್ವಾನ ಪತ್ರ ಹಾಕಿದರೆ ಬಾಗಿಲು ತೆರೆಯುತ್ತದೆಯೇ, ಎಂಥ ಪತ್ರಕ್ಕೆ ಹೆಚ್ಚು ತೆರೆಯುತ್ತದೆ ಎಂದು ನೋಡುವುದಕ್ಕೆ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಒಂದು ಪರೀಕ್ಷೆ ಇಟ್ಟಿದ್ದರು. ಆರಿಸಿದ ಮನೆಗಳಲ್ಲಿ ಅರ್ಧಕ್ಕೆ ನನ್ನ ಪತ್ರ, ಅರ್ಧಕ್ಕೆ ಪ್ರದೀಪನ ಪತ್ರ. ಯಾವ ಮನೆಗೆ ಯಾವುದು ಎಂದು ಕಂಪ್ಯೂಟರೇ ಚೀಟಿ ಎತ್ತಿತ್ತು. ಪತ್ರದ ಒಳಗೊಂದು ಕಾರ್ಡು ಇರುತ್ತದೆ. ‘ಬನ್ನಿ’ ಎಂಬಲ್ಲಿ ಗುರುತು ಹಾಕಿ ಅಂಚೆ ಡಬ್ಬಿಗೆ ಹಾಕಿದರೆ ಮುಗಿಯಿತು, ಅಂಚೆ ಚೀಟಿ ಹಚ್ಚುವುದೂ ಬೇಡ. ಯಾರ ಪತ್ರಕ್ಕೆ ಹೆಚ್ಚು ಕಾರ್ಡು ಬರುತ್ತದೋ ಅದೇ ಇಡೀ ರಾಜ್ಯಕ್ಕೆ ಹೋಗುತ್ತದೆ, ಬರೆದವರೇ ಹೊಸ ಆಹ್ವಾನ ಘಟಕದ ಮುಖ್ಯಸ್ಥರಾಗುತ್ತಾರೆ ಎಂದು ನಿರ್ದೇಶಕರು ಸಭೆಯಲ್ಲೇ ಹೇಳಿದ್ದರು.

ಆ ಕುರ್ಚಿ ನನ್ನದು ಎಂದು ನಾನು ಆಗಲೇ ಮನಸ್ಸಿನಲ್ಲಿ ಕೂತಾಗಿತ್ತು. ಪ್ರದೀಪ ನಮ್ಮಲ್ಲಿಗೆ ಬಂದು ಇನ್ನೂ ಎರಡು ದಸರಾ ಕಳೆದಿಲ್ಲ. ನಾನು ಸೇರಿದಾಗ ಅವನು ಬಳಪ ಹಿಡಿದಿದ್ದನೋ ಇಲ್ಲವೋ. ನನ್ನ ಪತ್ರಕ್ಕೆ ದಪ್ಪ ಕಾಗದ, ಮೇಲೆ ಲಾಂಛನ. ಒಳಗಿನ ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ, ಅಡುಗೆ ಮಾಡುತ್ತ ಮನಸ್ಸಿನಲ್ಲೇ ತಿರುವಿ, ಎಷ್ಟು ಸಲ ತಿದ್ದಿದ್ದೆನೋ. ಹೊರಗೆ ‘ಮನೆಯ ಯಜಮಾನರಿಗೆ’ ಎಂದು ದೊಡ್ಡ ಅಕ್ಷರದಲ್ಲಿ ಗೌರವದ ಒಕ್ಕಣೆ. ಅವನದೋ, ಅಂಗಡಿಯಲ್ಲಿ ಸಿಗುವ ಖಾಕಿ ಲಕೋಟೆ. ಅದರ ಮೇಲೆ ರೇಷನ್ ಕಾರ್ಡಿನ ಪಟ್ಟಿಯಲ್ಲಿ ಮೊದಲಿಗೆ ಯಾರ ಹೆಸರಿತ್ತೋ ಆ ಹೆಸರು. ರೇಷನ್ ಅಂಗಡಿಯಲ್ಲಿ ನಿಂತು ಹೆಸರು ಕೂಗಿದ ಹಾಗಿದೆ ಎಂದು ನಾನು ಎಲ್ಲರೆದುರು ಆಡಿಕೊಂಡಿದ್ದೆ.

ಕಾರ್ಡುಗಳು ಬರತೊಡಗಿದವು. ಅವನವು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳಲ್ಲಿ ಬಂದವು. ನನ್ನವು ಬಿಡಿಬಿಡಿಯಾಗಿ, ದಾರಿ ತಪ್ಪಿ ಬಂದವರ ಹಾಗೆ ಬಂದವು. ಟಪಾಲು ತರುವ ರಂಗಪ್ಪ ನನ್ನ ಮೇಜಿನ ಹತ್ತಿರ ಬಂದಾಗ ಹೆಜ್ಜೆ ಜೋರು ಮಾಡಿ ದಾಟುತ್ತಿದ್ದ. ಅದೊಂದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಿತು. ಕಾರ್ಡು ಬರುವ ಗಡುವು ಮುಗಿದ ಮೇಲೆ, ಯಾಕೆ ಹೀಗಾಯಿತು ಎಂದು ಯಾರಾದರೂ ಹೋಗಿ ನೋಡಿ ವರದಿ ಕೊಡಬೇಕು ಎಂದರು ನಿರ್ದೇಶಕರು. ಅವರ ಮಾತು ಮುಗಿಯುವ ಮೊದಲೇ ನಾನು ಎದ್ದು ನಿಂತೆ. ಪ್ರದೀಪ ಹಿಂದಿನ ವರ್ಷ ಅಕ್ಕನ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋಗಿದ್ದ ಎಂಬುದು ನನಗೆ ಗೊತ್ತಿತ್ತು. ಅಲ್ಲಿ ಪರಿಚಯ ಮಾಡಿಕೊಂಡು, ‘ಕಾಗದ ಬರುತ್ತೆ, ಹಾಕಿಬಿಡಿ’ ಎಂದಿರಬಾರದೇಕೆ? ಅದನ್ನು ಹಿಡಿದು ತರಬೇಕು ಎಂದೇ ನಾನು ಹೊರಟದ್ದು.

ಹಿರಿಯೂರಿನಲ್ಲಿ ಬಸ್ಸು ತಿಂಡಿಗೆ ನಿಂತಿತು. ನಾನು ಇಳಿಯಲಿಲ್ಲ. ಫೋನು ಟಿಂಗ್ ಎಂದಿತು. ಪ್ರದೀಪ. ‘ಮೇಡಂ, ಬಿಸಿಲು ಜಾಸ್ತಿ ಇದೆಯಂತೆ. ನೀರು ಕುಡೀತಾ ಇರಿ. ಚಳ್ಳಕೆರೆ ಬಸ್ ಸ್ಟ್ಯಾಂಡ್ ಹಿಂದೆ ಮಂಡಕ್ಕಿ ಮೆಣಸಿನಕಾಯಿ ಚೆನ್ನಾಗಿರುತ್ತೆ.’ ಕೈ ಮುಗಿದ ಚಿತ್ರ ಬೇರೆ. ಇಂಥ ಒಳ್ಳೆಯತನವನ್ನು ಏನು ಮಾಡುವುದು ಹೇಳಿ! ಬೈಯುವುದಕ್ಕೂ ಒಂದು ಹಿಡಿ ಸಿಗುವುದಿಲ್ಲ.

ಹಿರಿಯೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಒಣಗಿದ ಹೊಲ, ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಕುರಿ ಮಂದೆಯೊಂದು ರಸ್ತೆ ದಾಟುವವರೆಗೂ ಬಸ್ಸು ಸುಮ್ಮನೆ ನಿಂತಿತು. ಚಳ್ಳಕೆರೆ ಹತ್ತಿರವಾದಂತೆ ಕಿಟಕಿಯಿಂದ ಶೇಂಗಾ ಹಿಂಡಿಯ ವಾಸನೆ ಬಂತು. ಇಳಿದಾಗ ಮಧ್ಯಾಹ್ನದ ಬಿಸಿಲು ಕಣ್ಣಿಗೆ ರಾಚಿತು. ಎಣ್ಣೆ ಮಿಲ್ಲಿನ ಲಾರಿಗಳು, ಮಾರುಕಟ್ಟೆಯಿಂದ ಚೀಲ ಹೊತ್ತ ಆಟೋಗಳು, ಎಲ್ಲಕ್ಕೂ ಒಂದೇ ರಸ್ತೆ.

ಮೊದಲು ಅಂಚೆ ಕಚೇರಿಗೆ ಹೋದೆ. ನನ್ನ ಪತ್ರಗಳು ತಲುಪೇ ಇಲ್ಲ ಎಂದು ಯಾರಾದರೂ ಹೇಳಲಿ ಎಂದು ದೇವರಲ್ಲಿ ಬೇಡಿಕೊಂಡು ಹೋದೆ ಎಂದರೂ ತಪ್ಪಿಲ್ಲ. ಊಟ ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದ ಅಂಚೆಯವರೊಬ್ಬರಿಗೆ ಎರಡೂ ಲಕೋಟೆ ತೋರಿಸಿದೆ.

“ಎಲ್ಲಾ ಕೈಗೇ ಕೊಟ್ಟೀವ್ರೀ ಮೇಡಮ್ಮಾರೆ,” ಎಂದರು. “ಒಂದೂ ಉಳಿದಿಲ್ಲ. ಆದ್ರೆ ಈ ದಪ್ಪ ಕವರ್ ಐತಲ್ಲ, ಇದು ಬಲೇ ಸತಾಯ್ಸಿಬಿಡ್ತು.”

“ಯಾಕೆ?”

“ಬಾಗಿಲಿಗೆ ಬಂದೋರು ಈಸ್ಕಣಲ್ಲ. ಒಳಗಿಂದ ಇನ್ನೊಬ್ರನ್ನ ಕರೀತಾರೆ. ಅವ್ರು ಬಂದು ನೋಡಿ ಮತ್ತೊಬ್ರನ್ನ ಕರೀತಾರೆ. ಆ ಖಾಕಿ ಕವರ್ ಆದ್ರೆ ಹೆಸರು ಕೂಗಿದ್ ತಕ್ಷಣ ಓಡಿ ಬರೋರು.”

ನನಗೆ ಇದು ರುಚಿಸಲಿಲ್ಲ. ಗೌರವ ಇದ್ದದ್ದಕ್ಕೇ ಹಿಂಜರಿದಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಪ್ರದೀಪನ ಪತ್ರ ಹೋದ ಒಂದು ಮನೆಗೆ ಹೋಗಿ, ಯಾರಾದರೂ ಮೊದಲೇ ಬಂದು ಹೇಳಿದ್ದರೇ ಎಂದು ಮೂರು ವಿಧದಲ್ಲಿ ಕೇಳಿದೆ. ಆ ಮನೆಯಾಕೆ ಅಕ್ಕಿ ಆರಿಸುವುದನ್ನು ಬಿಡದೆ, “ಯಾರೂ ಬಂದಿಲ್ಲಕ್ಕಾ. ಬಂತು, ಓದಿದ್ವಿ, ಹಾಕಿದ್ವಿ. ಅದ್ರಾಗೇನೈತೆ?” ಎಂದಳು. ಅದರಲ್ಲಿ ಏನಿದೆ ಎಂದು ನನಗೇ ಗೊತ್ತಿದ್ದರೆ ನಾನೇಕೆ ಇಷ್ಟು ದೂರ ಬರುತ್ತಿದ್ದೆ!

ಸಂಜೆ ಹಸಿವು ತಡೆಯಲಾರದೆ ಬಸ್ ಸ್ಟ್ಯಾಂಡಿನ ಹಿಂದೆ ಮಂಡಕ್ಕಿ ತಿಂದೆ. ಮೆಣಸಿನಕಾಯಿ ಬಿಸಿಯಾಗಿ, ಗರಿಗರಿಯಾಗಿತ್ತು. ಇನ್ನೊಂದು ತಟ್ಟೆ ಹೇಳಿದೆ. ಹಾಳಾದವನು ಹೇಳಿದ್ದು ನಿಜ. ಅದಕ್ಕೂ ಉರಿಯಿತು, ನಾಲಿಗೆಯ ಜೊತೆಗೆ.

ಮಾರನೆಯ ಬೆಳಿಗ್ಗೆ ಮೊಳಕಾಲ್ಮೂರಿನ ಕಡೆ ಹೋಗುವ ಖಾಸಗಿ ಬಸ್ಸು ಹತ್ತಿದೆ. ಇಲ್ಲಿ ಸೊನ್ನೆ ಟಿಕೆಟ್ ಇಲ್ಲ. ನಲವತ್ತು ರೂಪಾಯಿ ಕೊಟ್ಟು, ಡ್ರೈವರನ ಪಕ್ಕದ ಇಂಜಿನ್ ಮೇಲೆ ಸಿಕ್ಕ ಜಾಗದಲ್ಲಿ ಕೂತು ಬಿ.ಜಿ. ಕೆರೆಗೆ ಬಂದಿಳಿದೆ. ಇಲ್ಲಿ ನನ್ನ ಪತ್ರ ಹೋದ ಮನೆಯೊಂದನ್ನು ಗುರುತು ಮಾಡಿಕೊಂಡಿದ್ದೆ. ದೊಡ್ಡ ಕುಟುಂಬ, ಮೂವರು ಅಣ್ಣತಮ್ಮಂದಿರು, ಒಂದೇ ಒಲೆ. ಇಂಥ ಮನೆಯಿಂದ ಒಂದಾದರೂ ಕಾರ್ಡು ಬರಬೇಕಿತ್ತು.

ಅಂಗಳದಲ್ಲಿ ಹುಣಸೆಹಣ್ಣು ರಾಶಿ ಹಾಕಿದ್ದರು. ಇಬ್ಬರು ಸೊಸೆಯಂದಿರು ಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ಮನೆಯ ಅಜ್ಜಿ ತಿಪ್ಪಮ್ಮ ಕಂಬಕ್ಕೊರಗಿ ಕೂತು ನಾರು ಬಿಡಿಸುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಹಿರಿಯ ಸೊಸೆ ಗಂಗಮ್ಮ ಚೊಂಬಿನಲ್ಲಿ ನೀರು ಕೊಟ್ಟಳು.

“ಒಂದು ದಪ್ಪ ಲಕೋಟೆ ಬಂದಿತ್ತಲ್ಲಮ್ಮ. ಕಳೆದುಹೋಯ್ತಾ?” ಎಂದು ಕೇಳಿದೆ.

“ಯಾಕ್ ಕಳೀತೈತೆ? ಅಲ್ಲೈತೆ ನೋಡ್ರಿ,” ಎಂದರು ತಿಪ್ಪಮ್ಮ.

ನಡುಮನೆಯ ಗೋಡೆಗೆ ರುಮಾಲು ಸುತ್ತಿದ ಹಿರಿಯರೊಬ್ಬರ ಫೋಟೋ ಇತ್ತು. ಅದಕ್ಕೆ ಹಾರ. ಕೆಳಗಿನ ಮರದ ಹಲಗೆಯ ಮೇಲೆ, ದೀಪದ ಪಕ್ಕ, ನನ್ನ ಲಕೋಟೆ. ಲಾಂಛನದ ಮೇಲೆ ಕುಂಕುಮದ ಬೊಟ್ಟು, ಮೂಲೆಯಲ್ಲಿ ಒಣಗಿದ ಕನಕಾಂಬರ. ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು. ಯಾರೂ ಒಡೆದಿರಲಿಲ್ಲ.

“ಇದೇನಮ್ಮ, ಕಾಗದಕ್ಕೆ ಪೂಜೆ?”

“ಯಜಮಾನ್ರಿಗೆ ಅಂತ ಬರ್ದೈತೆ ಅಂದ್ರು ಪೋಸ್ಟಿನೋರು. ನಮ್ಮನೆ ಯಜಮಾನ್ರು ಅಲ್ಲವ್ರೆ. ಹೋದ್ ವರ್ಷ ತೀರ್ಕಂಡ್ರು. ಅವ್ರಿಗ್ ಬಂದಿದ್ದು ಅವ್ರ ಮುಂದೆ ಇಟ್ವಿ.”

ಅಷ್ಟರಲ್ಲಿ ಹಿರಿಯ ಮಗ ಓಬಣ್ಣ ಹೊಲದಿಂದ ಬಂದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನನ್ನೆದುರು ಕುಕ್ಕರುಗಾಲಲ್ಲಿ ಕೂತ. ಅವರಲ್ಲಿ ತಂದೆಯ ವರ್ಷದ ಕಾರ್ಯದ ದಿನ ಊರ ಹಿರಿಯರು, ನೆಂಟರು ಸೇರಿ ಒಬ್ಬ ಮಗನ ತಲೆಗೆ ರುಮಾಲು ಸುತ್ತುತ್ತಾರಂತೆ. ಅಲ್ಲಿಯವರೆಗೂ ಮನೆಗೆ ಯಜಮಾನ ಇಲ್ಲ. ಕೆಲಸವೆಲ್ಲ ನಡೆಯುತ್ತದೆ, ಆದರೆ ಆ ಹೆಸರನ್ನು ಯಾರೂ ಮುಟ್ಟುವ ಹಾಗಿಲ್ಲ.

“ದೊಡ್ಡೋನು ನಾನೇ ರೀ. ನಾನೇ ಒಡೀಬೋದಿತ್ತು,” ಎಂದ ಓಬಣ್ಣ. “ಆದ್ರೆ ರುಮಾಲು ಸುತ್ತೋಕ್ ಮುಂಚೇನೆ ಅಣ್ಣ ಯಜಮಾನ್ರ ಕಾಗದ ಒಡ್ದ ಅಂತ ಆಗ್ಬಾರ್ದಲ್ಲ. ನನ್ ತಮ್ಮಂದ್ರು ಬಾಯಿ ಬಿಟ್ಟು ಅನ್ನಲ್ಲ. ಮನಸ್ನಾಗೆ ಇಟ್ಕಂತಾರೆ.”

“ನಾವ್ಯಾಕ್ ಇಟ್ಕಣಾನ?” ಎಂದಳು ಎರಡನೆಯ ಸೊಸೆ ತಲೆ ಎತ್ತದೆ. “ಒಡ್ಕಳ್ಲಿ ಬೇಕಾದ್ರೆ. ನಾವೇನ್ ಬ್ಯಾಡ ಅಂದಿದ್ವಾ?”

“ಈಗ ಹಂಗಂತೀಯ,” ಎಂದಳು ಗಂಗಮ್ಮ. “ಸರ್ಕಾರದ್ ಯಜಮಾನಿ ದುಡ್ಡು ಯಾರ್ ಹೆಸ್ರಿಗೆ ಅಂತ ಬರ್ಸೋವಾಗ ಎಷ್ಟು ದಿನ ಮಾತು ಬಿಟ್ಟಿದ್ದೆ, ನೆನಪೈತಾ?”

“ನಾನ್ ಬಿಟ್ಟಿದ್ನಾ, ನೀನ್ ಬಿಟ್ಟಿದ್ಯಾ?”

ಹುಣಸೆಹಣ್ಣಿಗೆ ಏಟು ಜೋರಾಗಿ ಬೀಳತೊಡಗಿತು. ಒಂದು ಬೀಜ ಹಾರಿ ನನ್ನ ಸೀರೆಗೆ ಬಡಿಯಿತು. ಆ ಇಬ್ಬರ ಮುಖ ನೋಡಿದಾಗ ನನಗೆ ನಮ್ಮ ಕಚೇರಿಯೇ ಕಣ್ಣೆದುರು ಬಂತು. ಮೇಲೆ ನಗು, ಒಳಗೆ ಧಗಧಗ. ನನ್ನ ಜಾಗದಲ್ಲಿ ಬೇರೆ ಯಾರಾದರೂ ಕೂತಿದ್ದರೆ ನಕ್ಕುಬಿಡುತ್ತಿದ್ದರು.

“ಹೋಗಲಿ, ಆ ಕಾಗದ ಕೊಡಿ, ವಾಪಸ್ ತಗೊಂಡು ಹೋಗ್ತೀನಿ,” ಎಂದೆ.

ಅಜ್ಜಿ ಒಪ್ಪಲಿಲ್ಲ. “ಅವ್ರ ಮುಂದೆ ಇಟ್ಟಿದ್ದು ಹೆಂಗ್ ಎತ್ಕೊಡಾನ? ಯಾರಿಗೆ ರುಮಾಲು ಸುತ್ತುತಾರೋ ಅವ್ರು ಒಡೀತಾರೆ ಬಿಡ್ರಿ.” ಆಮೇಲೆ ನಾರು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. “ಅದಿರ್ಲಿ ತಾಯಿ. ಪಕ್ಕದ್ಮನೆ ರತ್ನಿಗೆ ಅವಳ್ ಹೆಸ್ರಿಗೇ ಕಾಗ್ದ ಬಂತು. ಅವತ್ತೇ ಓದ್ಸಿ ಡಬ್ಬಿಗ್ ಹಾಕಿ ಬಂದ್ಳು. ರೇಷನ್ ಕಾರ್ಡ್‌ನಾಗೆ ಮೊದ್ಲು ನನ್ ಹೆಸ್ರೇ ಐತೆ. ನನ್ಗ್ಯಾಕೆ ಬರ್ಲಿಲ್ಲ? ನಾನೇನು ಈ ಮನೇಲಿ ಇಲ್ವಾ?”

ಕಂಪ್ಯೂಟರ್ ಚೀಟಿ ಎತ್ತಿತು ಎನ್ನಲೇ? ನನ್ನ ಮನೆಯಲ್ಲಿ ಗ್ಯಾಸ್ ಪುಸ್ತಕ ಎಲ್ಲಿದೆ ಎಂಬುದೂ ನಮ್ಮವರಿಗೆ ಗೊತ್ತಿಲ್ಲ. ಮಗಳ ಫೀಸಿನಿಂದ ಹಿಡಿದು ಅತ್ತೆಯ ಮಾತ್ರೆಯವರೆಗೆ ಎಲ್ಲ ನಾನೇ. ಅಂಥ ನಾನು, ಒಬ್ಬ ಹೆಂಗಸು, ಕೂತು ಕೂತು ‘ಮನೆಯ ಯಜಮಾನರಿಗೆ’ ಎಂದು ಬರೆದೆ. ಮದುವೆಯೂ ಆಗದ, ಮೀಸೆಗೆ ಈಗಷ್ಟೇ ಬಾಚಣಿಗೆ ತಾಕಿಸಿರುವ ಆ ಹುಡುಗನಾಗಿದ್ದರೆ ‘ತಿಪ್ಪಮ್ಮ’ ಎಂದು ಬರೆಯುತ್ತಿದ್ದ. ಇದು ನನಗೆ ಯಾಕೆ ಹೊಳೆಯಲಿಲ್ಲ? ಸೋತದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಊಟ ಮಾಡದೆ ಬಿಡಲಿಲ್ಲ ಅವರು. ರಾಗಿ ಮುದ್ದೆ, ಹುರುಳಿಕಾಳು ಸಾರು, ಬದಿಗೆ ಹಸಿ ಈರುಳ್ಳಿ. ಜಗಳವಾಡಿದ ಇಬ್ಬರು ಸೊಸೆಯಂದಿರೂ ಒಟ್ಟಿಗೇ ನಿಂತು ಬಡಿಸಿದರು. “ಇನ್ನೊಂದ್ ತುತ್ತು ಹಾಕ್ಸಿಕಳ್ರಿ” ಎನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಹೆದ್ದಾರಿಯ ಬಸ್ ನಿಲ್ದಾಣದ ನೆರಳಿನಲ್ಲಿ ನಿಂತಿದ್ದಾಗ ನಿರ್ದೇಶಕರ ಫೋನು ಬಂತು.

“ಏನ್ರೀ, ನಿಮ್ಮ ಕಾಗದ ತಲುಪಿದೆಯೋ ಇಲ್ಲವೋ? ತಲುಪದೆ ಇದ್ದರೆ ಹೇಳಿ, ಪರೀಕ್ಷೆ ಮತ್ತೆ ಮಾಡೋಣ. ತಲುಪಿದ್ದರೆ ಇಷ್ಟಕ್ಕೇ ಮುಗಿಸೋಣ. ನೀವೇ ಹಿರಿಯರು, ನಿಮ್ಮ ವರದಿ ನೋಡಿಯೇ ಆದೇಶ.”

ಒಂದೇ ಮಾತು. ‘ಸರಿಯಾಗಿ ತಲುಪಿಲ್ಲ ಸಾರ್’ ಎಂದರೆ ಮುಗಿಯಿತು, ಇನ್ನೊಂದು ಸುತ್ತು ಸಿಗುತ್ತದೆ. ಆ ಸುತ್ತಿನಲ್ಲಿ ನನ್ನ ದಪ್ಪ ಲಕೋಟೆಯ ಮೇಲೆ ನಾನೂ ಹೆಸರು ಹಾಕುತ್ತೇನೆ. ಹೊರಗೆ ಹೆಸರು, ಒಳಗೆ ನನ್ನ ವಾಕ್ಯಗಳು. ಪ್ರದೀಪನ ಖಾಕಿ ಲಕೋಟೆ ಎದುರಿಗೆ ನಿಲ್ಲುತ್ತದೆಯೇ? ಅಂಚೆಯವರನ್ನು ಯಾರು ಹೋಗಿ ಕೇಳುತ್ತಾರೆ? ನನ್ನ ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು.

“ಸಂಜೆ ಫೋನ್ ಮಾಡ್ತೀನಿ ಸಾರ್, ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ,” ಎಂದು ಇಟ್ಟುಬಿಟ್ಟೆ. ಬಹಳ ಚೆನ್ನಾಗಿ ಕೇಳಿಸುತ್ತಿತ್ತು.

ಹೆದ್ದಾರಿ ಬಿಟ್ಟು ಬಸ್ಸು ಬಲಕ್ಕೆ ತಿರುಗಿ, ಬಂಡೆಗಳ ಗುಡ್ಡ ಬಳಸಿ ಮೊಳಕಾಲ್ಮೂರಿಗೆ ಬಂತು. ನೇಕಾರರ ಬೀದಿಯಲ್ಲಿ ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಜಗಲಿಗಳ ಮೇಲೆ ತೆಲುಗು, ಅಂಗಡಿಯ ಮುಂದೆ ಕನ್ನಡ. ಪ್ರದೀಪನ ಕಾರ್ಡುಗಳ ಕಟ್ಟು ಇಲ್ಲಿಂದಲೇ ಹೆಚ್ಚಾಗಿ ಬಂದಿದ್ದು. ಕಳ್ಳನನ್ನು ಹಿಡಿದರೆ ಇಲ್ಲೇ ಹಿಡಿಯಬೇಕು.

ನಾನು ಆರಿಸಿಕೊಂಡ ಮನೆಯಲ್ಲಿ ಶ್ರೀನಿವಾಸಯ್ಯ ಎಂಬವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತಿದ್ದರು. ಅಂಚಿಗೆ ಕೆಂಪು, ಒಡಲಿಗೆ ಹಸಿರು. ಅವರ ಹೆಂಡತಿ ನಾಗವೇಣಮ್ಮ, “ರಂಡಮ್ಮಾ, ಒಳಗೆ ಬನ್ನಿ,” ಎಂದು ತೆಲುಗು, ಕನ್ನಡ ಎರಡರಲ್ಲೂ ಕರೆದು ಚಾಪೆ ಹಾಸಿದರು.

ನಾನು ಸುತ್ತಿ ಬಳಸಲಿಲ್ಲ. ಕಚೇರಿಯ ಗ್ರೂಪಿನಲ್ಲಿದ್ದ ಪ್ರದೀಪನ ಫೋಟೋ ತೆಗೆದು ಅವರ ಮುಂದೆ ಹಿಡಿದೆ.

“ಈ ಹುಡುಗ ನಿಮ್ಮನೆಗೆ ಬಂದಿದ್ನಾ? ನೆನಪು ಮಾಡ್ಕೊಂಡು ಹೇಳಿ.”

ನಾಗವೇಣಮ್ಮ ಫೋನನ್ನು ಕೈಗೆ ತೆಗೆದುಕೊಂಡು, ಎರಡು ಬೆರಳಿನಿಂದ ದೊಡ್ಡದು ಮಾಡಿ, ಗಂಡನಿಗೂ ತೋರಿಸಿ ಬಂದರು. “ಯಾರಮ್ಮಾ ಇದು, ನಿಮ್ಮ ಮಗನಾ? ಚೆಂದಾಗವ್ನೆ. ಹೆಣ್ಣು ನೋಡ್ತಿದ್ದೀರಾ? ನಮ್ ಚಿಕ್ಕಮ್ಮನ ಮಗಳೊಬ್ಬಳು ರಾಯದುರ್ಗದಾಗೆ ಅವ್ಳೆ.”

“ಮಗ ಅಲ್ಲ! ಬಂದಿದ್ನಾ ಇಲ್ವಾ?”

“ಇಲ್ಲಮ್ಮಾ. ಈ ಮುಖಾನೇ ನೋಡಿಲ್ಲ.”

ಪಕ್ಕದ ಎರಡು ಮನೆಯವರನ್ನೂ ಅವರೇ ಕೂಗಿ ಕರೆದು ಫೋಟೋ ತೋರಿಸಿದರು. ಯಾರೂ ನೋಡಿರಲಿಲ್ಲ. ಸೀರೆಯನ್ನು ಪೇಟೆಯ ಅಂಗಡಿಯಲ್ಲಿ ತೆಗೆದುಕೊಂಡು ಅವನು ಹಾಗೆಯೇ ಹೋಗಿರಬೇಕು. ಹುಡುಗನಿಗೆ ಹೆಣ್ಣು ಕೊಡಲು ಮಾತ್ರ ಆ ಬೀದಿಯಲ್ಲಿ ಮೂವರು ತಯಾರಾದರು. ನನ್ನ ಅನುಮಾನ ಅಲ್ಲಿಗೆ ನೆಲ ಕಚ್ಚಿತು.

“ಮತ್ತೆ ಕಾರ್ಡು ಯಾಕೆ ಹಾಕಿದ್ರಿ?” ಎಂದು ಕೇಳಿದೆ.

ನಾಗವೇಣಮ್ಮ ಎದ್ದು ಗೋಡೆಯ ಕನ್ನಡಿಯ ಹತ್ತಿರ ಹೋದರು. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದ ಖಾಕಿ ಲಕೋಟೆಯನ್ನು ತೆಗೆದು ತಂದರು. ಅಂಚಿನಲ್ಲಿ ಅವರ ಹಣೆಯ ಬಿಂದಿಯೊಂದು ಅಂಟಿಕೊಂಡಿತ್ತು.

“ನೋಡಿ, ನನ್ ಹೆಸ್ರು. ಇನಿಷಿಯಲ್ ಸಮೇತ ಐತೆ. ಸ್ಕೂಲಲ್ಲಿ ಹಾಜ್ರಿ ಕೂಗೋವಾಗ ಹಿಂಗೇ ಕೂಗ್ತಿದ್ರು. ಮದ್ವೆ ಆದ್ಮೇಲೆ ನನ್ ಹೆಸ್ರಿಗೆ ಬಂದ ಮೊದಲ್ನೇ ಕಾಗದ ಇದು. ಕರೆಂಟು, ನೀರು, ಸೊಸೈಟಿ, ಎಲ್ಲಾ ಇವರ ಹೆಸ್ರಿಗೇ. ಹೆಸ್ರು ಹಿಡ್ದು ಕರೆದ್ ಮೇಲೆ ಉತ್ತರ ಕೊಡ್ದೆ ಇರೋದು ಹೆಂಗಮ್ಮಾ?”

“ಒಳಗೆ ಏನು ಬರೆದಿತ್ತು?”

“ಒಳಗೆ ಏನೋ ಬರ್ದಿದ್ರು,” ಎಂದರು ಸಹಜವಾಗಿ. “ಮನೆಗೆ ಬರ್ತೀವಿ ಅಂತಿತ್ತು. ಬರ್ಲಿ ಅಂತ ಹಾಕಿದೆ.”

ಒಳಗೆ ಏನೋ ಬರೆದಿದ್ದರು! ಆ ಒಂದು ಮಾತಿನಲ್ಲಿ ನನ್ನ ವಾಕ್ಯಗಳೆಲ್ಲ ತೊಳೆದುಹೋದವು. ಎಲ್ಲಿ ‘ತಾವು’, ಎಲ್ಲಿ ‘ನೀವು’ ಎಂದು ನಾನು ನಿದ್ದೆಗೆಟ್ಟದ್ದೆಲ್ಲ ಯಾರಿಗೆ ಬೇಕಿತ್ತು?

ಮಗ್ಗದ ಸದ್ದು ನಿಂತಿತು. ಶ್ರೀನಿವಾಸಯ್ಯ ಲಾಳಿಯನ್ನು ಬದಿಗಿಟ್ಟರು. “ಕೇಳಿ ಅಮ್ಮಾರೆ,” ಎಂದರು. “ಈ ಕಾಗದ ಬಂದಾಗಿಂದ ಇವಳನ್ನ ಹಿಡಿಯೋಕಾಗ್ತಿಲ್ಲ. ಬೀದಿಗೆಲ್ಲ ತೋರಿಸ್ಕೊಂಡು ಬಂದ್ಳು. ಬೆಳಿಗ್ಗೆ ಬೊಟ್ಟು ಇಟ್ಕಳೋವಾಗ ಒಂದ್ ಸಲ ಓದ್ತಾಳೆ. ನಲವತ್ತು ವರ್ಷದಿಂದ ನಾನು ಈ ಗುಂಡೀಲಿ ಕೂತಿದ್ದೀನಿ, ನನಗೆ ಇಂಥದ್ದು ಬರ್ಲಿಲ್ಲ.”

“ನಿಮಗೆ ಕರೆಂಟು ಬಿಲ್ಲು ಬರತ್ತಲ್ಲಾ,” ಎಂದರು ನಾಗವೇಣಮ್ಮ ಒಳಗಿನಿಂದ.

“ಅದೇನು ಕರೆಯೋ ಕಾಗದಾನಾ?” ಎಂದು ಆತ ನನ್ನ ಕಡೆ ತಿರುಗಿದರು. “ಮುಂದಿನ ಸಲ ನನ್ನೆಸ್ರಿಗೂ ಒಂದು ಹಾಕ್ರಮ್ಮಾ. ಹೊಟ್ಟೆಕಿಚ್ಚಿಗಲ್ಲ, ಸುಮ್ನೆ.”

“ನನಗೂ ಹಾಗೇ ಆಗಿದೆ, ಬಿಡಿ,” ಎಂದುಬಿಟ್ಟೆ. ಹೇಗೆ ಬಾಯಿಗೆ ಬಂತೋ! ಆತ ಒಂದು ಕ್ಷಣ ನನ್ನ ಮುಖ ನೋಡಿ, ಜೋರಾಗಿ ನಕ್ಕರು. ನನಗೂ ನಗು ಬಂತು. ಆ ತಿಂಗಳಲ್ಲಿ ಮೊದಲ ಸಲ ಒಬ್ಬರ ಮುಂದೆ ನಿಜ ಹೇಳಿದ ಹಾಗಾಯಿತು. ನಾಗವೇಣಮ್ಮ ಕೊಟ್ಟ ಟೀಯನ್ನು ನಾವಿಬ್ಬರು ಹೊಟ್ಟೆಕಿಚ್ಚಿನವರು ಎದುರುಬದುರು ಕೂತು ಕುಡಿದೆವು. ಆಕೆ ಲಕೋಟೆಯ ಧೂಳು ಸೆರಗಿನಲ್ಲಿ ಒರೆಸಿ ಮತ್ತೆ ಕನ್ನಡಿಗೆ ಸಿಕ್ಕಿಸಿದರು.

ಬಸ್ ನಿಲ್ದಾಣದಲ್ಲಿ ನಿರ್ದೇಶಕರಿಗೆ ಫೋನು ಮಾಡಿದೆ. ತಿಪ್ಪಮ್ಮನ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಮತ್ತೊಂದು ಸುತ್ತು ಎಂದರೆ ಅವರಂಥ ಎಷ್ಟು ಜನ ತಮ್ಮ ಹೆಸರಿನ ಕಾಗದಕ್ಕೆ ಇನ್ನೂ ಕಾಯಬೇಕು?

“ತಲುಪಿದೆ ಸಾರ್,” ಎಂದೆ. “ಒಂದೂ ತಪ್ಪದೆ ತಲುಪಿದೆ. ಒಡೆದಿಲ್ಲ ಅಷ್ಟೆ.”

“ಒಡೆದಿಲ್ಲವಾ? ಯಾಕೆ?”

“ಯಾರು ಒಡೀಬೇಕು ಅಂತ ನಾನು ಬರೆದಿರಲಿಲ್ಲ ಸಾರ್. ಪ್ರದೀಪ ಬರೆದಿದ್ದ.”

“ಹಾಗಾದರೆ ವರದಿಯಲ್ಲಿ ಹಾಗೇ ಬರೆದುಕೊಡಿ,” ಎಂದರು.

ಅದನ್ನು ಹೇಳಿ ನನಗೆ ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಚಳ್ಳಕೆರೆಯವರೆಗೂ ಕಣ್ಣು ತುಂಬಿಕೊಂಡೇ ಇತ್ತು. ಗಾಳಿಗೆ ಧೂಳು ಬಿತ್ತು ಎಂದು ಪಕ್ಕದವಳಿಗೆ ಹೇಳಿದೆ. ಬಿ.ಜಿ. ಕೆರೆ ದಾಟುವಾಗ ಆ ಮನೆ ಕಾಣುತ್ತದೇನೋ ಎಂದು ಕುತ್ತಿಗೆ ಹೊರಳಿಸಿ ನೋಡಿದೆ. ಹುಣಸೆಮರಗಳಷ್ಟೇ ಕಂಡವು. ನನ್ನ ಪತ್ರ ಆ ಹಲಗೆಯ ಮೇಲೆ ಇನ್ನೂ ಇರುತ್ತದೆ. ರುಮಾಲು ಸುತ್ತಿದ ದಿನ ಯಾರೋ ಒಬ್ಬ ಒಡೆಯುತ್ತಾನೆ, ನನ್ನ ವಾಕ್ಯಗಳನ್ನು ಒಬ್ಬನಾದರೂ ಓದುತ್ತಾನೆ. ಅಷ್ಟು ಆಸೆ ಇಟ್ಟುಕೊಂಡೆ.

ಮಾರನೆಯ ದಿನ ಬೆಂಗಳೂರಿಗೆ ಬಂದು, ಮುಖ ತೊಳೆದು ನೇರ ಕಚೇರಿಗೆ ಹೋದೆ. ಪ್ರದೀಪ ಕುರ್ಚಿಯಿಂದ ಎದ್ದ.

“ಬನ್ನಿ ಮೇಡಂ. ನೀರು ಕುಡಿದ್ರಾ? ಮಂಡಕ್ಕಿ ತಿಂದ್ರಾ?”

“ತಿಂದೆ. ಅಷ್ಟೇನೂ ಚೆನ್ನಾಗಿರಲಿಲ್ಲ,” ಎಂದೆ. ಇಷ್ಟಾದರೂ ಬೇಡವೇ?

ನಮ್ಮಿಬ್ಬರ ಮೇಜುಗಳು ಕೂಡುವ ಜಾಗದಲ್ಲಿ ಒಂದು ಲಕೋಟೆ ಇತ್ತು. ಸಚಿವಾಲಯದಿಂದ ಬಂದದ್ದು. ಮೇಲೆ ‘ಮುಖ್ಯಸ್ಥರು, ಆಹ್ವಾನ ಘಟಕ ಇವರಿಗೆ’ ಎಂದಿತ್ತು. ಘಟಕಕ್ಕೆ ಆದೇಶವೇ ಆಗಿಲ್ಲ, ಯಾರು ಮುಖ್ಯಸ್ಥರು ಎಂದೂ ಗೊತ್ತಿಲ್ಲ, ಅಷ್ಟರಲ್ಲಿ ಮೇಲಿನವರಿಗೆ ಅವಸರ.

“ನೀವು ಹೋದ ದಿನವೇ ಬಂತು,” ಎಂದ ರಂಗಪ್ಪ. “ಯಾರಿಗೆ ಕೊಡೋದು ಅಂತ ಗೊತ್ತಾಗ್ಲಿಲ್ಲ. ನಡುವೆ ಇಟ್ಟೆ.”

“ನೀನು ಯಾಕೆ ಒಡೆದಿಲ್ಲ?” ಎಂದು ಪ್ರದೀಪನನ್ನು ಕೇಳಿದೆ.

“ನಾನು ಹೇಗೆ ಒಡೆಯೋದು ಮೇಡಂ? ನೀವು ದೊಡ್ಡೋರು,” ಎಂದು ಅವನು ಲಕೋಟೆಯನ್ನು ನನ್ನ ಕಡೆ ತಳ್ಳಿದ.

ನನಗೆ ಓಬಣ್ಣನ ಮುಖ ನೆನಪಾಯಿತು. ಹುಣಸೆಹಣ್ಣಿಗೆ ಬೀಳುತ್ತಿದ್ದ ಏಟು ಕಿವಿಗೆ ಕೇಳಿಸಿತು. ಇಷ್ಟು ದಿನ ಪ್ರದೀಪನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಕೂತಿದ್ದನೇ? ಅವನ ಕಣ್ಣು ಲಕೋಟೆಯ ಮೇಲೇ ಇತ್ತು. ನನ್ನದೂ ಅಲ್ಲೇ ಇತ್ತು. ರಂಗಪ್ಪ ಹೋಗದೆ ನಿಂತೇ ಇದ್ದ.

ಪೆನ್ನು ತೆಗೆದೆ. ‘ಮುಖ್ಯಸ್ಥರು’ ಎಂಬುದರ ಕೆಳಗೆ, ಖಾಲಿ ಇದ್ದ ಜಾಗದಲ್ಲಿ, ಅವನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದು ಅವನ ಕಡೆ ತಳ್ಳಿದೆ. ಹೊಟ್ಟೆ ಉರಿಯುತ್ತಲೇ ಇತ್ತು. ಅಕ್ಷರ ಮಾತ್ರ ದುಂಡಗೆ ಬಂತು.